ಚರ್ಮದ ಕ್ಯಾನ್ಸರ್ ಬುರುಡೆಗೆ ಇಳಿದಾಗ: ಮೊದಲ ಆಪರೇಷನ್‌ಗೆ ಮುಂಚೆ ಮತ್ತು ಆಮೇಲೆ

ತಲೆ, ಮುಖದ ಚರ್ಮದಲ್ಲಿ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಚರ್ಮ ಬಿಟ್ಟು ಆಚೆ ಹೋಗುವುದಿಲ್ಲ. ಸಣ್ಣದಿರುವಾಗಲೇ ಸುತ್ತಲಿನ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದರೆ ಅಲ್ಲಿಗೆ ಮುಗಿಯಿತು. ಈ ಬರಹ ಹಾಗೆ ಮುಗಿಯದವುಗಳ ಬಗ್ಗೆ. ಬುರುಡೆಯ ಮೂಳೆ, ಕಣ್ಣಿನ ಗೂಡು, ಕಿವಿಯ ಸುತ್ತಲಿನ ಮೂಳೆಗೆ ಇಳಿಯುವಂಥವು, ನರ ಹಿಡಿದು ಬುರುಡೆಯ ತಳ ಸೇರುವಂಥವು. ಇಂಥವುಗಳಲ್ಲಿ ಗುಣವಾಗುವ ಅವಕಾಶ ಹೆಚ್ಚಿರುವುದು ಮೊದಲ ಆಪರೇಷನ್‌ನಲ್ಲಿ. ಎರಡನೇ ಸಲ ಕೈ ಹಾಕುವಾಗ ಹಳೆಯ ಗಾಯದ ಕಲೆ ಎಲ್ಲಿ ಮುಗಿಯಿತು, ಕ್ಯಾನ್ಸರ್ ಎಲ್ಲಿ ಶುರುವಾಯಿತು ಎನ್ನುವುದು ಸ್ಕ್ಯಾನಿನಲ್ಲೂ ಸರಿಯಾಗಿ ಕಾಣುವುದಿಲ್ಲ, ಸರ್ಜನ್ ಕೈಗೂ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಬಹುಪಾಲು ಕತ್ತರಿ ಹಿಡಿಯುವ ಮುಂಚಿನ ಕೆಲಸಗಳು.

ಯಾವ ಕ್ಯಾನ್ಸರ್, ಯಾರಿಗೆ

ಮುಖ್ಯ ಆರೋಪಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಚರ್ಮದ ಮೇಲ್ಪದರದ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಆಸ್ಟ್ರೇಲಿಯಾದಂಥ ಕಡೆ ಇದು ಬಿಸಿಲಿಗೆ ಬಿದ್ದ ಬಿಳಿ ಚರ್ಮದ, ಬೋಳುತಲೆಯ ಹಿರಿಯರ ಕಾಯಿಲೆ. ನಮ್ಮ ಕಡೆ ಕಾರಣಗಳು ಬೇರೆ. ಚಿಕ್ಕಂದಿನಲ್ಲಿ ತಲೆ ಸುಟ್ಟುಕೊಂಡು ಹತ್ತಾರು ವರ್ಷಗಳಾದ ಮೇಲೆ ಆ ಸುಟ್ಟ ಕಲೆಯಲ್ಲೇ ಏಳುವ ಹುಣ್ಣು ಒಂದು. ವೈದ್ಯರು ಇದನ್ನು ಮಾರ್ಜೊಲಿನ್ ಅಲ್ಸರ್ ಎನ್ನುತ್ತಾರೆ. ಬಿಸಿಲನ್ನು ತಡೆಯಲಾರದ ಚರ್ಮದ ಹುಟ್ಟುಕಾಯಿಲೆ ಜೀರೋಡರ್ಮಾ ಪಿಗ್ಮೆಂಟೋಸಮ್ ಇರುವ ಮಕ್ಕಳು, ತೊನ್ನಲ್ಲದೆ ಹುಟ್ಟಿನಿಂದಲೇ ಬಣ್ಣವಿಲ್ಲದ ಆಲ್ಬಿನಿಸಂ ಇರುವವರು, ಕಿಡ್ನಿ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರು ಉಳಿದ ಗುಂಪು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಜೀರೋಡರ್ಮಾ ಹೆಚ್ಚು. ಮನೆಯಲ್ಲಿ ಒಂದು ಮಗುವಿಗೆ ಇದ್ದರೆ ಉಳಿದ ಮಕ್ಕಳ ಮುಖದ ಮಚ್ಚೆಗಳನ್ನೂ ತೋರಿಸಲೇಬೇಕು.

ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಬೇಸಲ್ ಸೆಲ್ ಕಾರ್ಸಿನೋಮ ಸಾಮಾನ್ಯವಾಗಿ ದುಗ್ಧಗ್ರಂಥಿಯ ಗಂಟುಗಳಿಗೆ (ಲಿಂಫ್ ನೋಡ್) ಹರಡುವುದಿಲ್ಲ, ಆದರೆ ಇದ್ದ ಜಾಗದಲ್ಲೇ ಆಳಕ್ಕೆ ತೋಡುತ್ತದೆ. ಕಣ್ಣಿನ ಒಳಮೂಲೆ, ಮೂಗಿನ ಪಕ್ಕ, ಕಿವಿಯ ಸುತ್ತ ಬಂದದ್ದು ಹೆಚ್ಚು ಅಪಾಯ. ಒಳಮೂಲೆಯಿಂದ ಕಾಗದದಷ್ಟು ತೆಳುವಾದ ಮೂಳೆ ದಾಟಿದರೆ ಸೈನಸ್, ಅಲ್ಲಿಂದ ಮೇಲಕ್ಕೆ ಬುರುಡೆಯ ತಳ. ಮೆಲನೋಮ ಗಂಟುಗಳಿಗೂ ಹರಡುತ್ತದೆ, ರಕ್ತದ ಮೂಲಕವೂ ಹರಡುತ್ತದೆ. ಅದರ ಲೆಕ್ಕಾಚಾರವೇ ಬೇರೆ, ಇಲ್ಲಿ ಅದನ್ನು ಮುಟ್ಟುವುದಿಲ್ಲ.

ಇಳಿಯುವ ಎರಡು ದಾರಿ

ಮೊದಲನೆಯದು ನೇರ ದಾರಿ. ನೆತ್ತಿಯ ಚರ್ಮದ ಕೆಳಗೆ ಗಟ್ಟಿ ಪೊರೆ, ಅದರ ಕೆಳಗೆ ಸಡಿಲ ಪದರ, ಆಮೇಲೆ ಮೂಳೆಗೆ ಅಂಟಿದ ಪೆರಿಕ್ರೇನಿಯಂ ಎಂಬ ಹೊದಿಕೆ. ಬುರುಡೆಯ ಮೂಳೆಯಲ್ಲೂ ಹೊರಹಾಳೆ, ನಡುವೆ ಮಜ್ಜೆಯ ಪದರ, ಒಳಹಾಳೆ ಎಂದು ಮೂರು ಭಾಗ. ಅದರೊಳಗೆ ಮಿದುಳಿನ ಹೊದಿಕೆ ಡ್ಯೂರಾ. ಪೆರಿಕ್ರೇನಿಯಂ ಮತ್ತು ಡ್ಯೂರಾ ಎರಡೂ ಕ್ಯಾನ್ಸರನ್ನು ಸಾಕಷ್ಟು ಕಾಲ ತಡೆದು ನಿಲ್ಲಿಸುತ್ತವೆ. ಸರ್ಜರಿಯಲ್ಲಿ ಇವು ಗಡಿಕಲ್ಲುಗಳು. ನಡುವಿನ ಮಜ್ಜೆಯ ಪದರ ಹಾಗಲ್ಲ. ಅಲ್ಲಿಗೆ ಇಳಿದ ಕ್ಯಾನ್ಸರ್ ಮೇಲೆ ಕಾಣುವ ಹುಣ್ಣಿಗಿಂತ ಅಗಲವಾಗಿ ಒಳಗೇ ಹಬ್ಬಬಲ್ಲದು.

ಎರಡನೆಯದು ನರದ ದಾರಿ. ಮುಖಕ್ಕೆ ಸ್ಪರ್ಶಜ್ಞಾನ ಕೊಡುವ ಟ್ರೈಜೆಮಿನಲ್ ನರ, ಮುಖದ ಸ್ನಾಯು ಆಡಿಸುವ ಫೇಶಿಯಲ್ ನರ, ಇವುಗಳ ಕವಚದೊಳಗೆ ಸೇರಿದ ಕ್ಯಾನ್ಸರ್ ಬುರುಡೆಯ ತೂತುಗಳ ಮೂಲಕ ಒಳಗೆ ಹೋಗುತ್ತದೆ. ಮೇಲಿನ ಚರ್ಮ ವಾಸಿಯಾಗಿ ನುಣ್ಣಗಿರುವಾಗಲೂ ಇದು ನಡೆಯುತ್ತಿರಬಹುದು. ಹೆಚ್ಚು ಮೋಸ ಮಾಡುವುದು ಈ ದಾರಿಯೇ.

ಹೆಜ್ಜೆ 1: ಲಕ್ಷಣವನ್ನು ಸರಿಯಾಗಿ ಗುರುತಿಸಿ

ನೆತ್ತಿಯ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಚರ್ಮದ ಜೊತೆ ಸರಿದರೆ ಇನ್ನೂ ಮೇಲಿದೆ ಎಂಬ ಆಶೆ ಇಟ್ಟುಕೊಳ್ಳಬಹುದು. ಮೊಳೆ ಹೊಡೆದಂತೆ ಅಲ್ಲೇ ನಿಂತಿದ್ದರೆ ಪೆರಿಕ್ರೇನಿಯಂಗೋ ಮೂಳೆಗೋ ಅಂಟಿದೆ ಎಂದೇ ತಿಳಿದು ಮುಂದುವರಿಯಿರಿ. ನಾಲ್ಕು ವಾರ ಕಳೆದರೂ ಮಾಯದ ಹುಣ್ಣು, ಸುಟ್ಟ ಕಲೆಯಲ್ಲಿ ಹೊಸದಾಗಿ ಒಡೆದ ಗಾಯ, ಅಂಚು ದಪ್ಪವಾಗಿ ಮಡಚಿಕೊಂಡ ಗಾಯ, ದುರ್ವಾಸನೆ, ಪದೇ ಪದೇ ರಕ್ತ ಇದ್ದರೆ ಇನ್ನೊಂದು ಮುಲಾಮು ಬರೆಸಿಕೊಳ್ಳುವುದು ಬೇಡ, ಬಯಾಪ್ಸಿ ಕೇಳಿ.

ನರದ ಲಕ್ಷಣಗಳನ್ನು ರೋಗಿ ತಾನಾಗಿ ಹೇಳುವುದು ಕಡಿಮೆ, ಕೇಳಿಯೇ ತಿಳಿಯಬೇಕು. ಚರ್ಮದಡಿ ಇರುವೆ ಹರಿದಂತೆ ಆಗುತ್ತದೆಯೇ? ಹಣೆ, ಕೆನ್ನೆ, ಮೇಲ್ದುಟಿ, ಗದ್ದ ಇವುಗಳಲ್ಲಿ ಎಲ್ಲಾದರೂ ಜೋಮು ಹಿಡಿದಿದೆಯೇ? ಒಂದೇ ಪಕ್ಕ ಉರಿಯುತ್ತದೆಯೇ? ಹತ್ತಿಯ ಎಳೆಯನ್ನು ಎರಡೂ ಕಡೆ ಸೋಕಿಸಿ ವ್ಯತ್ಯಾಸ ನೋಡಿ. ಹಣೆ ಮತ್ತು ನೆತ್ತಿಯ ಮುಂಭಾಗವಾದರೆ ಟ್ರೈಜೆಮಿನಲ್‌ನ ಮೊದಲ ಕವಲು, ಕೆನ್ನೆ ಮತ್ತು ಮೇಲ್ದುಟಿಯಾದರೆ ಎರಡನೆಯದು, ಗದ್ದ ಹಾಗೂ ಕಿವಿಯ ಮುಂಭಾಗವಾದರೆ ಮೂರನೆಯದು. ಯಾವ ತೂತಿನ ಕಡೆ ಸ್ಕ್ಯಾನ್ ನೋಡಬೇಕೆಂಬುದು ಇದರಿಂದಲೇ ಗೊತ್ತಾಗುತ್ತದೆ.

ಇಲ್ಲಿ ಪದೇ ಪದೇ ಆಗುವ ಎರಡು ತಪ್ಪುಗಳಿವೆ. ಮೊದಲನೆಯದು, ಬಾಯಿ ಸೊಟ್ಟಗಾದ ತಕ್ಷಣ ಅದು ಬೆಲ್ಸ್ ಪಾಲ್ಸಿ (ಫೇಶಿಯಲ್ ನರ ಇದ್ದಕ್ಕಿದ್ದಂತೆ ಸೋಲುವ ಕಾಯಿಲೆ) ಎಂದುಬಿಡುವುದು. ನಿಜವಾದ ಬೆಲ್ಸ್ ಪಾಲ್ಸಿ ಗರಿಷ್ಠ 72 ಗಂಟೆಯೊಳಗೆ ಪೂರ್ತಿ ಬಂದಿರುತ್ತದೆ, ಆಮೇಲೆ ನಿಧಾನವಾಗಿ ಸುಧಾರಿಸುತ್ತದೆ. ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಹೆಚ್ಚಾದದ್ದು, ಮೊದಲು ಹುಬ್ಬು ಆಮೇಲೆ ತುಟಿ ಎಂದು ತುಂಡುತುಂಡಾಗಿ ಬಂದದ್ದು, ಮೂರು ತಿಂಗಳಾದರೂ ಕೊಂಚವೂ ಸುಧಾರಿಸದ್ದು ಬೆಲ್ಸ್ ಪಾಲ್ಸಿಯಲ್ಲ ಎಂದೇ ಹಿಡಿದು ಕಾರಣ ಹುಡುಕಬೇಕು. ಎರಡನೆಯದು, ಮುಖದ ನೋವನ್ನು ಹಲ್ಲುನೋವೆಂದು ಹಲ್ಲು ಕೀಳಿಸುವುದು, ಇಲ್ಲವೇ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದು ವರ್ಷಗಟ್ಟಲೆ ಮಾತ್ರೆ ಕೊಡುವುದು. ನೋವಿನ ಜೊತೆ ಜೋಮೂ ಇದ್ದರೆ ಆ ಹೆಸರಿಗೆ ತೃಪ್ತರಾಗಬೇಡಿ. ಈ ಇಬ್ಬರು ರೋಗಿಗಳಿಗೂ ಕೇಳಬೇಕಾದ ಪ್ರಶ್ನೆ ಒಂದೇ: “ಐದಾರು ವರ್ಷದಲ್ಲಿ ಮುಖ, ತಲೆಯಿಂದ ಗಂಟು, ಮಚ್ಚೆ, ಹುಣ್ಣು ಏನಾದರೂ ತೆಗೆಸಿದ್ದೀರಾ?” ತೆಗೆಸಿದ್ದರೆ ಆ ಹಳೆಯ ರಿಪೋರ್ಟ್ ಹುಡುಕಿ. ಸಿಗದಿದ್ದರೆ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಸ್ಲೈಡು ಮತ್ತು ಮೇಣದ ಬ್ಲಾಕ್ ಕೇಳಿ, ಮತ್ತೆ ಓದಿಸಬಹುದು.

ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣು ಮುಂದಕ್ಕೆ ಬರುವುದು, ರೆಪ್ಪೆ ಇಳಿಬೀಳುವುದು ಕ್ಯಾನ್ಸರ್ ಕಣ್ಣಿನ ಗೂಡಿಗೋ ಅದರ ಹಿಂದೆ ಸಿರೆ, ನರಗಳು ಒಟ್ಟಿಗೆ ಹಾಯುವ ಕ್ಯಾವರ್ನಸ್ ಸೈನಸ್‌ಗೋ ತಲುಪಿರುವ ಸೂಚನೆ. ಹೊಸದಾಗಿ ಫಿಟ್ಸ್ ಬಂದರೆ, ಕೈಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ.

ಹೆಜ್ಜೆ 2: ಬಯಾಪ್ಸಿ, ಆದರೆ ಸರಿಯಾದ ಜಾಗದಿಂದ

ಹುಣ್ಣಿನ ನಡುವಿನಿಂದ ತೆಗೆದರೆ ಸತ್ತ ಅಂಗಾಂಶ ಮತ್ತು ಕೀವು ಮಾತ್ರ ಸಿಗುತ್ತದೆ, ರಿಪೋರ್ಟ್ “ಉರಿಯೂತ” ಎಂದು ಬರುತ್ತದೆ, ಮೂರು ತಿಂಗಳು ಹಾಳಾಗುತ್ತದೆ. ಏರಿದ ಅಂಚಿನಿಂದ, ಕೊಬ್ಬಿನ ಪದರದವರೆಗೆ, 4 ಮಿ.ಮೀ. ಪಂಚ್ ಇಲ್ಲವೇ ಸಣ್ಣ ಬೆಣೆಯಾಕಾರದ ತುಂಡು ತೆಗೆಯಬೇಕು. ಸುಟ್ಟ ಕಲೆಯ ದೊಡ್ಡ ಹುಣ್ಣಾದರೆ ಎರಡು ಮೂರು ಕಡೆಯಿಂದ. ಮಿಡಿಯುವ ಗಂಟು, ಹುಟ್ಟಿನಿಂದ ಇರುವ ಗಂಟು, ನೆತ್ತಿಯ ನಡುಗೆರೆಯ ಮೇಲಿನ ಗಂಟು ಇವುಗಳಿಗೆ ಮಾತ್ರ ಮೊದಲು ಸ್ಕ್ಯಾನ್, ಆಮೇಲೆ ಸೂಜಿ. ಒಳಗಿನ ದೊಡ್ಡ ರಕ್ತನಾಳಕ್ಕೆ ಸಂಪರ್ಕವಿರಬಹುದು. ಚರ್ಮ ಚೆನ್ನಾಗಿದ್ದು ಕೆಳಗಿನ ಮೂಳೆಯೇ ಊದಿದ್ದರೆ ಥೈರಾಯ್ಡ್, ಸ್ತನ, ಕಿಡ್ನಿ ಕ್ಯಾನ್ಸರ್ ಬುರುಡೆಗೆ ಬಂದಿರುವ ಸಾಧ್ಯತೆಯನ್ನೂ ನೋಡಬೇಕು. ಅದು ಒಳಗಿನಿಂದ ಹೊರಕ್ಕೆ ಬಂದ ಬೇರೆಯೇ ಕಥೆ.

“ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳುತ್ತದೆ” ಎಂಬ ಮಾತಿಗೆ ಹೆದರಿ ನಾಟಿ ಲೇಪ ಹಚ್ಚುತ್ತ ಕೂತವರು ಕಳೆದುಕೊಳ್ಳುವುದು ತಿಂಗಳುಗಳನ್ನು. ಸುಡುವ ಲೇಪಗಳು ಇನ್ನೂ ಕೆಟ್ಟವು. ಮೇಲಿನ ಭಾಗ ಉದುರಿ ವಾಸಿಯಾದಂತೆ ಕಾಣುತ್ತದೆ, ಕೆಳಗಿನದು ಬೆಳೆಯುತ್ತಲೇ ಇರುತ್ತದೆ.

ರಿಪೋರ್ಟ್ ಬಂದಾಗ ಕ್ಯಾನ್ಸರ್‌ನ ಹೆಸರು ಓದಿ ಮಡಚಿಡಬೇಡಿ. ಎಷ್ಟು ಮಿ.ಮೀ. ದಪ್ಪ, ಕೊಬ್ಬು ದಾಟಿದೆಯೇ, ನರದ ಸುತ್ತ ಇದೆಯೇ, ಇದ್ದರೆ ಆ ನರದ ಅಗಲ 0.1 ಮಿ.ಮೀ. ಅಥವಾ ಹೆಚ್ಚೇ, ಕೋಶಗಳು ಎಷ್ಟು ಕೆಟ್ಟಿವೆ ಎಂಬುದಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಕ್ಯಾನ್ಸರ್‌ನ ಹಂತ ಗುರುತಿಸುವ ಅಮೆರಿಕದ ಎಜೆಸಿಸಿ ಪದ್ಧತಿಯ 8ನೇ ಆವೃತ್ತಿಯ ಪ್ರಕಾರ ತಲೆ, ಕತ್ತಿನ ಸ್ಕ್ವೇಮಸ್ ಕ್ಯಾನ್ಸರ್ 4 ಸೆಂ.ಮೀ. ಮುಟ್ಟಿದರೆ, 6 ಮಿ.ಮೀ.ಗಿಂತ ಆಳಕ್ಕೆ ಇಳಿದರೆ, ಇಂಥ ನರ ಹಿಡಿದರೆ ಅಥವಾ ಮೂಳೆಯನ್ನು ಸ್ವಲ್ಪ ಕೊರೆದರೆ ಟಿ3 ಹಂತ. ಮೂಳೆಯ ಹೊರಹಾಳೆ, ಮಜ್ಜೆಗೆ ಸ್ಪಷ್ಟವಾಗಿ ಹೊಕ್ಕಿದ್ದರೆ ಟಿ4ಎ. ಬುರುಡೆಯ ತಳ ಅಥವಾ ಅದರ ತೂತು ಸೇರಿದ್ದರೆ ಟಿ4ಬಿ.

ಹೆಜ್ಜೆ 3: ಸ್ಕ್ಯಾನ್‌ಗೆ ಏನು ಬರೆಸಬೇಕು

ಸುಮ್ಮನೆ “ಎಂಆರ್‌ಐ ಬ್ರೇನ್” ಎಂದು ಚೀಟಿ ಬರೆದರೆ ಮಿದುಳಿನ ದಪ್ಪ ಪದರಗಳ ಚಿತ್ರ ಬರುತ್ತದೆ, ನರ ಹಾಯುವ ತೂತುಗಳು ತಪ್ಪಿಹೋಗುತ್ತವೆ. ಬರೆಸಬೇಕಾದ್ದು ಹೀಗೆ: ಮುಖ ಮತ್ತು ಬುರುಡೆಯ ತಳದ ಎಂಆರ್‌ಐ, 3 ಮಿ.ಮೀ. ಅಥವಾ ಅದಕ್ಕಿಂತ ತೆಳು ಪದರ, ಕಾಂಟ್ರಾಸ್ಟ್‌ಗೆ ಮುಂಚೆ ಸಾದಾ ಟಿ1 (ಇದು ಚಿತ್ರದ ಬಗೆ, ಕ್ಯಾನ್ಸರ್‌ನ ಹಂತವಲ್ಲ), ಕಾಂಟ್ರಾಸ್ಟ್ ಕೊಟ್ಟ ಮೇಲೆ ಫ್ಯಾಟ್ ಸಪ್ರೆಶನ್ (ಕೊಬ್ಬಿನ ಬಿಳುಪು ಅಡಗಿಸುವುದು) ಸಹಿತ ಟಿ1. ಎರಡೂ ಬೇಕು. ಸಾದಾ ಚಿತ್ರದಲ್ಲಿ ತೂತಿನ ಸುತ್ತಲಿನ ಕೊಬ್ಬು ಬೆಳ್ಳಗೆ ಕಾಣಬೇಕು. ಆ ಬಿಳುಪು ಮಾಯವಾಗಿದ್ದರೆ ಅದೇ ಮೊದಲ ಸುಳಿವು. 3 ಟೆಸ್ಲಾ ಯಂತ್ರ ಸಿಕ್ಕರೆ ಒಳ್ಳೆಯದು. ಚೀಟಿಯಲ್ಲಿ “ಬಲ ಕೆನ್ನೆಯ ಸ್ಕ್ವೇಮಸ್ ಕ್ಯಾನ್ಸರ್, ಮೇಲ್ದುಟಿ ಜೋಮು, ನರದ ದಾರಿ ನೋಡಿ” ಎಂಬಷ್ಟು ವಿವರ ಇರಲೇಬೇಕು. ಏನು ಹುಡುಕಬೇಕೆಂದು ಗೊತ್ತಿಲ್ಲದ ರೇಡಿಯಾಲಜಿಸ್ಟ್ ಕಣ್ಣಿಗೆ ಸ್ವಲ್ಪವೇ ದಪ್ಪವಾದ ನರ ಬೀಳುವುದು ಕಷ್ಟ. ಕಿಡ್ನಿ ತೊಂದರೆಯಿದ್ದರೆ ಕಾಂಟ್ರಾಸ್ಟ್‌ಗೆ ಮೊದಲು ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ.

ಮೂಳೆಗೆ ಸಿಟಿಯೇ ಬೇಕು: 1 ಮಿ.ಮೀ. ಅಥವಾ ತೆಳು ಪದರ, ಬೋನ್ ವಿಂಡೋ. ಹೊರಹಾಳೆ ಸವೆದಿದೆಯೇ, ಒಳಹಾಳೆಯೂ ಹೋಗಿದೆಯೇ ಎಂದು ಅದು ಹೇಳುತ್ತದೆ. ಮಜ್ಜೆ ಮತ್ತು ಡ್ಯೂರಾದ ಸ್ಥಿತಿ ಎಂಆರ್‌ಐ ಹೇಳುತ್ತದೆ. ಪೆಟ್ ಸ್ಕ್ಯಾನ್ ಗಂಟುಗಳಿಗೆ, ಶ್ವಾಸಕೋಶಕ್ಕೆ ಉಪಯೋಗ. ಪೆಟ್‌ಗೆಂದು ಚುಚ್ಚುವ ಸಕ್ಕರೆಯನ್ನು ಮಿದುಳು ತಾನೇ ಹೀರಿಕೊಂಡು ಹೊಳೆಯುವುದರಿಂದ ಪಕ್ಕದ ಡ್ಯೂರಾದಲ್ಲಿ ಇರುವ ಸಣ್ಣ ಕ್ಯಾನ್ಸರ್ ಆ ಹೊಳಪಿನಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ದುಬಾರಿ ಪೆಟ್ ಮಾಡಿಸಿದ್ದೇವೆ ಎಂದು ಎಂಆರ್‌ಐ ಬಿಡಬೇಡಿ. ಎಂಆರ್‌ಐ ಸರಿಯಿದ್ದೂ ಲಕ್ಷಣ ಮುಂದುವರಿದರೆ ಎರಡು ಮೂರು ತಿಂಗಳಲ್ಲಿ ಮತ್ತೆ ಮಾಡಿಸಿ, ಬೇಕಾದರೆ ಆ ನರದ ಬಯಾಪ್ಸಿ.

ಹೆಜ್ಜೆ 4: ದುಗ್ಧಗ್ರಂಥಿಯ ಗಂಟುಗಳು

ಹಣೆ, ಕಪಾಳ, ನೆತ್ತಿಯ ಮುಂಭಾಗ, ಕಿವಿಯ ಕ್ಯಾನ್ಸರ್ ಮೊದಲು ಹೋಗುವುದು ಕಿವಿಯ ಮುಂದಿನ ಪೆರೋಟಿಡ್ ಗ್ರಂಥಿಯೊಳಗಿನ ಗಂಟಿಗೆ. ನೆತ್ತಿಯ ಹಿಂಭಾಗದ್ದು ತಲೆಯ ಹಿಂದಿನ, ಕತ್ತಿನ ಹಿಂಪಕ್ಕದ ಗಂಟಿಗೆ. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಪರೀಕ್ಷೆ ಮಾಡಿದರೆ ಸಾಕು. ಗಂಟನ್ನು ಮಾತ್ರ ಸೀಳಿ ತೆಗೆಯುವುದು ಇಲ್ಲಿ ತಪ್ಪು.

ಹೆಜ್ಜೆ 5: ಎಲ್ಲರೂ ಒಂದೇ ಮೇಜಿಗೆ

ಇದು ಒಬ್ಬ ಸರ್ಜನ್ ಮಾಡುವ ಕೆಲಸವಲ್ಲ. ತಲೆ-ಕತ್ತಿನ ಕ್ಯಾನ್ಸರ್ ಸರ್ಜನ್, ನ್ಯೂರೋಸರ್ಜನ್, ಪ್ಲಾಸ್ಟಿಕ್ ಸರ್ಜನ್, ರೇಡಿಯೇಷನ್ ಮತ್ತು ಮೆಡಿಕಲ್ ಆಂಕಾಲಜಿಸ್ಟ್, ಕಣ್ಣಿನ ವೈದ್ಯರು ಆಪರೇಷನ್‌ಗೆ ಮುಂಚೆಯೇ ಒಟ್ಟಿಗೆ ಸ್ಕ್ಯಾನ್ ನೋಡಿರಬೇಕು. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್‌ನಂಥ ಕಡೆ ಇದಕ್ಕೆ ಟ್ಯೂಮರ್ ಬೋರ್ಡ್ ಇರುತ್ತದೆ. ನೇರವಾಗಿ ಕೇಳಿ: “ನಮ್ಮ ಕೇಸು ಬೋರ್ಡಿನಲ್ಲಿ ಚರ್ಚೆಯಾಯಿತೇ? ಮೂಳೆ ತೆಗೆದ ಮೇಲೆ ಮುಚ್ಚುವವರು ಯಾರು?” ಎರಡನೇ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದ ಕಡೆ ಆಪರೇಷನ್ ಟೇಬಲ್ ಹತ್ತದಿರುವುದೇ ಕ್ಷೇಮ.

ಖರ್ಚಿನ ವಿಷಯವನ್ನೂ ಈ ಹಂತದಲ್ಲೇ ಮುಗಿಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ನೆರವಿದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಪಡೆಯಬೇಕು. ದಾಖಲಾದ ಮೇಲೆ ಓಡಾಡುವುದು ಬಲು ಕಷ್ಟ.

ಹೆಜ್ಜೆ 6: ಆಪರೇಷನ್‌ನಲ್ಲಿ ಏನಾಗುತ್ತದೆ

ಎಷ್ಟು ಆಳಕ್ಕೆ ಹೋಗಬೇಕೆನ್ನುವುದನ್ನು ಆ ಗಡಿಕಲ್ಲುಗಳು ತೀರ್ಮಾನಿಸುತ್ತವೆ. ಕ್ಯಾನ್ಸರ್ ಸಡಿಲ ಪದರದಲ್ಲೇ ನಿಂತಿದ್ದರೆ ಅದರಡಿಯ ಪೆರಿಕ್ರೇನಿಯಂ ಸೇರಿಸಿ ತೆಗೆಯುತ್ತಾರೆ. ಪೆರಿಕ್ರೇನಿಯಂಗೆ ಅಂಟಿದ್ದರೆ ಮೂಳೆಯ ಹೊರಹಾಳೆಯನ್ನು ಡ್ರಿಲ್‌ನಿಂದ ಹೆರೆಯುತ್ತಾರೆ. ಹೊರಹಾಳೆಗೇ ಹೊಕ್ಕಿದ್ದರೆ ಸುತ್ತ 1ರಿಂದ 2 ಸೆಂ.ಮೀ. ಬಿಟ್ಟು ಪೂರ್ತಿ ದಪ್ಪದ ಮೂಳೆ. ಡ್ಯೂರಾಗೆ ಹಿಡಿದಿದ್ದರೆ ಅದನ್ನೂ ಕತ್ತರಿಸಿ, ತೊಡೆಯ ಪೊರೆಯ ತೇಪೆ ಹಾಕುತ್ತಾರೆ. ನಡುಗೆರೆಯಲ್ಲಿ ಮಿದುಳಿನ ದೊಡ್ಡ ಸಿರೆಯಾದ ಸ್ಯಾಜಿಟಲ್ ಸೈನಸ್ ಇದೆ. ಅದರ ಮುಂಭಾಗದ ಮೂರನೇ ಒಂದು ಭಾಗವನ್ನು ಬೇಕಾದರೆ ಕಟ್ಟಿಹಾಕಬಹುದು, ಹಿಂಭಾಗವನ್ನು ಅದರಲ್ಲಿ ರಕ್ತ ಹರಿಯುತ್ತಿರುವಾಗ ಕಟ್ಟಿದರೆ ಜೀವಕ್ಕೇ ಅಪಾಯ. ಕಿವಿ ಕಾಲುವೆಯ ಕ್ಯಾನ್ಸರ್‌ಗೆ ಟೆಂಪೊರಲ್ ಮೂಳೆಯ ಹೊರಭಾಗ, ಪೆರೋಟಿಡ್ ಮತ್ತು ಕತ್ತಿನ ಗಂಟುಗಳು ಒಟ್ಟಿಗೆ ಹೋಗುತ್ತವೆ.

ನರದ ಕ್ಯಾನ್ಸರ್‌ನಲ್ಲಿ ಮೂರು ವಲಯ ಎಣಿಸುತ್ತಾರೆ. ಬುರುಡೆಯ ತೂತಿನ ಹೊರಗೆ ಮೊದಲನೆಯದು, ತೂತಿನಿಂದ ನರಕೋಶಗಳು ಗುಂಪಾಗಿರುವ ಗ್ಯಾಂಗ್ಲಿಯಾನ್‌ವರೆಗೆ ಎರಡನೆಯದು, ಅದರಾಚೆ ಕ್ಯಾವರ್ನಸ್ ಸೈನಸ್ ಮತ್ತು ಮಿದುಳುಕಾಂಡದ ಕಡೆಗೆ ಮೂರನೆಯದು. ಮೊದಲ ವಲಯದಲ್ಲಿ ಆಪರೇಷನ್‌ನಿಂದ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಎರಡನೆಯದರಲ್ಲಿ ಬುರುಡೆ ತಳದ ಸರ್ಜರಿ ಮಾಡುವ ಅನುಭವಿಗಳ ಕೈ ಬೇಕು. ಮೂರನೆಯದರಲ್ಲಿ ಸಾಮಾನ್ಯವಾಗಿ ಕತ್ತರಿ ಹಾಕುವುದಿಲ್ಲ. ರೇಡಿಯೇಷನ್, ಔಷಧಿ ಮುಂದೆ ಬರುತ್ತವೆ.

ಮುಚ್ಚುವ ವಿಷಯದಲ್ಲಿ ಅವಸರ ಮಾಡಿದ ಕಡೆಯೇ ಹೆಚ್ಚು ಕೆಡುವುದು. ಬೆತ್ತಲೆ ಮೂಳೆಯ ಮೇಲೆ ತೆಳುಚರ್ಮದ ಕಸಿ ನಿಲ್ಲುವುದಿಲ್ಲ, ಅದಕ್ಕೆ ರಕ್ತ ಬೇಕು. ಹೇಗೋ ನಿಂತರೂ ರೇಡಿಯೇಷನ್ ಬಿದ್ದಾಗ ಉದುರಿ ಕೆಳಗಿನ ಮೂಳೆ ಕೊಳೆಯುತ್ತದೆ. ಹಾಗಾಗಿ ಬೆನ್ನಿನ ಅಥವಾ ತೊಡೆಯ ಅಂಗಾಂಶವನ್ನು ರಕ್ತನಾಳ ಸಮೇತ ತಂದು, ಕಪಾಳದ ಅಥವಾ ಕತ್ತಿನ ರಕ್ತನಾಳಕ್ಕೆ ಮೈಕ್ರೋಸ್ಕೋಪಿನಡಿ ಜೋಡಿಸುವ ಫ್ರೀ ಫ್ಲಾಪ್ ಮಾಡುತ್ತಾರೆ. ಮೊದಲ ಒಂದೆರಡು ದಿನ ಗಂಟೆಗೊಮ್ಮೆ ಅದರ ಬಣ್ಣ, ಬಿಸಿ ನೋಡುತ್ತಾರೆ. ನೀಲಿಯಾದರೆ ರಾತ್ರಿಯಲ್ಲೇ ಮತ್ತೆ ಥಿಯೇಟರಿಗೆ. ಟೈಟಾನಿಯಂ ಜಾಲರಿ ತಕ್ಷಣ ಹಾಕುವುದೋ, ರೇಡಿಯೇಷನ್ ಮುಗಿಯಲಿ ಎಂದು ಕಾಯುವುದೋ ಎಂಬುದರಲ್ಲಿ ಅಭಿಪ್ರಾಯಭೇದವಿದೆ. ತೆಳು ಫ್ಲಾಪಿನಡಿ ಹಾಕಿದ ಜಾಲರಿ ರೇಡಿಯೇಷನ್ ಆದಮೇಲೆ ಹೊರಗೆ ಇಣುಕುವುದು ಉಂಟು. ಕಾಯುವುದಾದರೆ ಮೂಳೆಯಿಲ್ಲದ ಜಾಗಕ್ಕೆ ಪೆಟ್ಟಾಗದಂತೆ ಹೆಲ್ಮೆಟ್ ಬೇಕು.

ಹೆಜ್ಜೆ 7: ಮನೆಗೆ ಬಂದ ಮೇಲೆ

ಡ್ಯೂರಾ ತೆರೆದಿದ್ದರೆ ಮೂಗಿನಿಂದ, ಕಿವಿಯಿಂದ ಅಥವಾ ಗಾಯದಿಂದ ನೀರಿನಂಥ ದ್ರವ ತೊಟ್ಟಿಕ್ಕುತ್ತದೆಯೇ ಗಮನಿಸಿ. ಬಗ್ಗಿದಾಗ ಹೆಚ್ಚಾಗುವುದು, ಗಂಟಲಲ್ಲಿ ಉಪ್ಪುಪ್ಪು ರುಚಿ, ಎದ್ದು ಕೂತರೆ ತಲೆನೋವು ಇದ್ದರೆ ಅದು ಮಿದುಳಿನ ದ್ರವವೇ ಇರಬಹುದು. ಮೂಗು ಸೀಟಬೇಡಿ, ಮಲ ಹೋಗಲು ತಿಣುಕಬೇಡಿ, ತಲೆದಿಂಬು ಎತ್ತರಿಸಿ ಮಲಗಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ಕತ್ತು ಬಿಗಿತ, ಬೆಳಕು ನೋಡಲಾಗದಿರುವುದು ಸೇರಿದರೆ ಅದು ಮಿದುಳಿನ ಹೊದಿಕೆಯ ಸೋಂಕು, ಮೆನಿಂಜೈಟಿಸ್ ಇರಬಹುದು. 108ಕ್ಕೆ ಕರೆ ಮಾಡಿ.

ಫೇಶಿಯಲ್ ನರ ತೆಗೆದಿದ್ದರೆ ಕಣ್ಣು ಮುಚ್ಚುವುದಿಲ್ಲ. ಹಗಲು ಗಂಟೆಗೋ ಎರಡು ಗಂಟೆಗೋ ಒಮ್ಮೆ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪು. ಟ್ರೈಜೆಮಿನಲ್‌ನ ಮೊದಲ ಕವಲೂ ಹೋಗಿದ್ದರೆ ಕಣ್ಣು ಉರಿದರೂ ರೋಗಿಗೆ ಗೊತ್ತಾಗುವುದಿಲ್ಲ, ಕಣ್ಣು ಕೆಂಪಾಗಿದೆಯೇ ಎಂದು ಮನೆಯವರೇ ದಿನವೂ ನೋಡಬೇಕು. ಮೇಲ್ರೆಪ್ಪೆಗೆ ಸಣ್ಣ ಚಿನ್ನದ ತೂಕ ಕೂರಿಸುವ ಆಪರೇಷನ್ ಇದಕ್ಕೆ ಒಳ್ಳೆಯ ಪರಿಹಾರ.

ಹೆಜ್ಜೆ 8: ರೇಡಿಯೇಷನ್

ಊರಲ್ಲಿ “ಕರೆಂಟು ಕೊಡುವುದು” ಎನ್ನುವ ಚಿಕಿತ್ಸೆ. ಆಪರೇಷನ್ ಆದ ಆರು ವಾರದ ಆಸುಪಾಸಿನಲ್ಲಿ ಶುರುವಾಗಬೇಕು. ಸಾಮಾನ್ಯವಾಗಿ 60 ಗ್ರೇ (ರೇಡಿಯೇಷನ್ ಅಳೆಯುವ ಮಾನ), 30 ದಿನದ ಕಂತು, ವಾರಕ್ಕೆ ಐದರಂತೆ ಆರು ವಾರ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ 66ರವರೆಗೆ, ಆಪರೇಷನ್ ಇಲ್ಲದೆ ಬರೀ ರೇಡಿಯೇಷನ್ ಆದರೆ 70ರವರೆಗೆ. ನರ ಹಿಡಿದಿದ್ದರೆ ಹುಣ್ಣಿದ್ದ ಜಾಗವಷ್ಟೇ ಸಾಲದು, ನರದ ಇಡೀ ದಾರಿ ಬುರುಡೆಯ ತಳದವರೆಗೆ ಸೇರಬೇಕು. ಪ್ಲಾನಿಂಗ್ ದಿನ ಇದನ್ನು ಕೇಳಿ ಖಚಿತಮಾಡಿಕೊಳ್ಳಿ. ಜೊತೆಗೆ ವಾರವಾರ ಕಾರ್ಬೊಪ್ಲಾಟಿನ್ ಕೊಟ್ಟರೆ ಲಾಭವಿದೆಯೇ ಎಂದು ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಹೆಚ್ಚಿನ ಲಾಭ ಕಾಣಲಿಲ್ಲ. ಒಂದು ಎಚ್ಚರಿಕೆ: ದವಡೆಗೆ ರೇಡಿಯೇಷನ್ ತಾಗುವುದಾದರೆ ಹಾಳಾದ ಹಲ್ಲು ಕೀಳಿಸುವುದು ಮುಂಚೆಯೇ ಆಗಬೇಕು, ಗಾಯ ಮಾಯಲು ಎರಡು ವಾರ ಬಿಡಬೇಕು. ಜೀರೋಡರ್ಮಾ ಇರುವ ಮಕ್ಕಳಿಗೆ ರೇಡಿಯೇಷನ್ ಬಗ್ಗೆ ವಿಶೇಷ ಚರ್ಚೆ ಬೇಕು, ಆ ವಿಷಯ ಮರೆಯದೆ ಹೇಳಿ.

ಹೆಜ್ಜೆ 9: ಔಷಧಿ

ಆಪರೇಷನ್ ಸಾಧ್ಯವಿಲ್ಲದ ಸ್ಕ್ವೇಮಸ್ ಕ್ಯಾನ್ಸರ್‌ಗೆ ಈಗ ಮೊದಲ ಆಯ್ಕೆ ಇಮ್ಯುನೋಥೆರಪಿ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ. ಅಮೆರಿಕದಲ್ಲಿ ಸೆಮಿಪ್ಲಿಮ್ಯಾಬ್‌ಗೆ 2018ರಲ್ಲಿ, ಪೆಂಬ್ರೊಲಿಝುಮ್ಯಾಬ್‌ಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಸೆಮಿಪ್ಲಿಮ್ಯಾಬ್ ಮೂರು ವಾರಕ್ಕೊಮ್ಮೆ 350 ಮಿ.ಗ್ರಾಂ. ಅರ್ಧಕ್ಕೆ ಹತ್ತಿರದಷ್ಟು ರೋಗಿಗಳಲ್ಲಿ ಗಡ್ಡೆ ಕುಗ್ಗುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಪರೇಷನ್‌ಗೆ ಮೊದಲೇ ನಾಲ್ಕು ಡೋಸ್‌ವರೆಗೆ ಕೊಟ್ಟ 79 ಜನರಲ್ಲಿ 40 ಮಂದಿಗೆ, ತೆಗೆದ ತುಂಡಿನಲ್ಲಿ ಜೀವಂತ ಕ್ಯಾನ್ಸರ್ ಒಂದಿಷ್ಟೂ ಸಿಗಲಿಲ್ಲ. ಕಣ್ಣು ತೆಗೆಯಬೇಕು, ಬುರುಡೆ ತೆಗೆಯಬೇಕು ಎಂಬ ಮಾತು ಬಂದಾಗ “ಮೊದಲು ಇಮ್ಯುನೋಥೆರಪಿ ಕೊಟ್ಟು ನೋಡಬಹುದೇ?” ಎಂದು ಕೇಳಲು ಇಷ್ಟು ಸಾಕು. ಬೆಲೆ ದೊಡ್ಡದು, ಅದನ್ನು ಮುಚ್ಚಿಡುವಂತಿಲ್ಲ. ಕಿಡ್ನಿ ಕಸಿಯಾದವರಲ್ಲಿ ಕಸಿ ತಿರಸ್ಕಾರವಾಗುವ ಅಪಾಯವಿದೆ. ಭೇದಿ, ಕೆಮ್ಮು-ಉಬ್ಬಸ, ವಿಪರೀತ ಸುಸ್ತು ಬಂದರೆ ಕಾಯಬೇಡಿ, ಕರೆ ಮಾಡಿ.

ಆಪರೇಷನ್ ಸಾಧ್ಯವಿಲ್ಲದ ಬೇಸಲ್ ಸೆಲ್‌ಗೆ ವಿಸ್ಮೊಡೆಗಿಬ್ 150 ಮಿ.ಗ್ರಾಂ. ಗುಳಿಗೆ, ದಿನಕ್ಕೊಂದು. ಸ್ನಾಯುಸೆಳೆತ, ರುಚಿ ಹೋಗುವುದು, ಕೂದಲು ಉದುರುವುದು ಸಾಮಾನ್ಯ. ಗರ್ಭದ ಮಗುವಿಗೆ ತೀವ್ರ ಹಾನಿ ಮಾಡುವುದರಿಂದ ಗಂಡಸರಾಗಲಿ ಹೆಂಗಸರಾಗಲಿ ಗರ್ಭನಿರೋಧದ ವಿಷಯ ಮೊದಲೇ ಮಾತಾಡಿ.

ಗುಣವಾಗದ ಹಂತದಲ್ಲಿ ಗಾಯದ ಆರೈಕೆ

ವಾಸನೆಗೆ ಮೆಟ್ರೊನಿಡಝೋಲ್ ಜೆಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಜೆಲ್ ಸಿಗದಿದ್ದರೆ ವೈದ್ಯರನ್ನು ಕೇಳಿ ಮಾತ್ರೆ ಪುಡಿಮಾಡಿ ಉದುರಿಸಬಹುದು. ಅಂಟದ ಡ್ರೆಸಿಂಗ್ ಬಳಸಿ, ತೆಗೆಯುವ ಮುಂಚೆ ಸಲೈನ್‌ನಲ್ಲಿ ನೆನೆಸಿ. ಜಿನುಗುವ ರಕ್ತಕ್ಕೆ ಗಾಜ್ ಇಟ್ಟು ಹತ್ತು ನಿಮಿಷ ಬಿಡದೆ ಮೆತ್ತಗೆ ಒತ್ತಿ. ಹುಳು ಬಿದ್ದರೆ ಸೀಮೆಎಣ್ಣೆ, ಟರ್ಪೆಂಟೈನ್ ಸುರಿಯಬೇಡಿ, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ: ಮೂಳೆ ಹೋದ ಜಾಗದಲ್ಲಿ ಕೆಳಗಿರುವುದು ಮಿದುಳು. ಮುಚ್ಚಿ ಆಸ್ಪತ್ರೆಗೆ ಕರೆದೊಯ್ದರೆ ಚಿಮಟದಿಂದ ತೆಗೆಯುತ್ತಾರೆ. ನರದ ಉರಿನೋವಿಗೆ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್, ಉಳಿದ ನೋವಿಗೆ ಮಾರ್ಫಿನ್. ಮಾರ್ಫಿನ್ ಚಟವಾಗುತ್ತದೆಂದು ನೋವು ನುಂಗಿಕೊಂಡು ಕೂರುವ ಅಗತ್ಯವಿಲ್ಲ; ಮಲಬದ್ಧತೆಗೆ ಔಷಧಿ ಜೊತೆಗೇ ಶುರುಮಾಡಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಈ ಹಂತದ ಆರೈಕೆ ಉಚಿತ.

ಚಿಕಿತ್ಸೆ ಮುಗಿದವರಿಗೆ

ಕಾಯಿಲೆ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಆ ಅವಧಿಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಇಡೀ ಮೈಯ ಚರ್ಮ ಮತ್ತು ಕತ್ತಿನ ಗಂಟು ನೋಡಿಸಬೇಕು. ಚಿಕಿತ್ಸೆ ಮುಗಿದ ಮೂರು ತಿಂಗಳಿಗೆ ಒಂದು ಎಂಆರ್‌ಐ ಮಾಡಿಸಿ, ರಿಪೋರ್ಟ್ ಮಾತ್ರವಲ್ಲದೆ ಚಿತ್ರಗಳಿರುವ ಸಿ.ಡಿ.ಯನ್ನೂ ಇಟ್ಟುಕೊಳ್ಳಿ. ನರದಲ್ಲಿ ಉಳಿದದ್ದು ಬೆಳೆಯುವುದು ಮಿ.ಮೀ. ಲೆಕ್ಕದಲ್ಲಿ, ಹಳೆಯ ಚಿತ್ರದ ಪಕ್ಕ ಹೊಸದನ್ನಿಟ್ಟು ನೋಡಿದಾಗಲೇ ಅದು ಕಾಣುವುದು.